ಹುಣಸೆಹಣ್ಣಿನಲ್ಲಿ ತೊಳೆದ ದೇವತೆ

ತೊಂಬತ್ತರ ದಶಕದ ನಡುವೆ ನಾನು ಸಿಂಗಪುರದಲ್ಲಿ ಪ್ರಾಚೀನ ಇತಿಹಾಸ ಕಲಿಸುತ್ತಿದ್ದೆ. ಕೆಲಸ ಕರಾರಿನದು. ಹೊಸದೇನಾದರೂ ಪ್ರಕಟಿಸದಿದ್ದರೆ ಕರಾರು ಮುಂದುವರಿಯುವುದಿಲ್ಲ ಎಂದು ವಿಭಾಗದ ಮುಖ್ಯಸ್ಥರು ನಗುತ್ತಲೇ ಹೇಳಿದ್ದರು. ಕರಾರು ಹೋದರೆ ಈ ದೇಶದಲ್ಲಿರಲು ಕೊಟ್ಟ ಪಾಸೂ ಹೋಗುತ್ತದೆ, ಬುಕಿತ್ ಪಂಜಾಂಗ್‌ನ ಬಾಡಿಗೆ ಮನೆಯೂ ಹೋಗುತ್ತದೆ. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ.

ನನ್ನ ಆಸೆಯೆಲ್ಲ ಒಂದು ಕಂಚಿನ ನಾಣ್ಯದ ಮೇಲಿತ್ತು. ರೋಮ್ ಸಾಮ್ರಾಜ್ಯದ ಪೂರ್ವ ಪ್ರಾಂತ್ಯದ ಯಾವುದೋ ಸಣ್ಣ ಊರು ಅಚ್ಚು ಹಾಕಿಸಿದ್ದು. ಒಂದು ಬದಿ ಚಕ್ರವರ್ತಿ. ಇನ್ನೊಂದು ಬದಿ ಆ ಊರಿನ ಭಾಗ್ಯದೇವತೆ: ತಲೆಯ ಮೇಲೆ ಕೋಟೆಯಾಕಾರದ ಕಿರೀಟ, ಕೈಯಲ್ಲಿ ಹಣ್ಣು ತುಂಬಿದ ಕೊಂಬು. ಸುತ್ತ ಗ್ರೀಕ್ ಅಕ್ಷರಗಳಲ್ಲಿ ಊರಿನ ಹೆಸರು. ಒಳಗಿನ ಲೋಹ ತಿಂದುಹೋಗಿತ್ತು. ಅಕ್ಷರಗಳು ಉಳಿದದ್ದು ಮೇಲಿನ ಹಸಿರು ಕಿಲುಬಿನಲ್ಲಿ ಮಾತ್ರ. ಈವರೆಗೆ ಯಾರೂ ದಾಖಲಿಸದ ಊರು ಅದೆಂದು ನನ್ನ ಗುಮಾನಿ. ಹೆಸರನ್ನು ಅರ್ಧ ಓದಿದ್ದೆ. ಉಳಿದರ್ಧಕ್ಕಾಗಿ ಶನಿವಾರ ಗೆಳೆಯನೊಬ್ಬ ಒಳ್ಳೆಯ ಕ್ಯಾಮೆರಾ ತರುವುದಿತ್ತು. ಅಲ್ಲಿಯವರೆಗೆ ಇರಲಿ ಎಂದು ನಾಣ್ಯವನ್ನು ಹತ್ತಿಯಲ್ಲಿ ಸುತ್ತಿ ಟಿ.ವಿ. ಮೇಲಿಟ್ಟಿದ್ದೆ.

ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಮೈಸೂರಿನಿಂದ ಬಂದಿದ್ದ ಅಮ್ಮ ಬೆಳಿಗ್ಗೆಯೇ ಪೂಜೆಗೆ ಕೂತಿದ್ದಳು. ಸ್ನಾನ ಮುಗಿಸಿ ಬಂದು ನೋಡುತ್ತೇನೆ, ಕಲಶದ ಮುಂದೆ ವೀಳ್ಯದೆಲೆಯ ಮೇಲೆ ನನ್ನ ನಾಣ್ಯ, ಹೊಸ ತಂಬಿಗೆಯ ಹಾಗೆ ಫಳಫಳ ಹೊಳೆಯುತ್ತಿದೆ. ದೇವರ ಪಾತ್ರೆಗಳ ಜೊತೆ ಅದನ್ನೂ ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿದ್ದಳು.

ಕೈಗೆತ್ತಿಕೊಂಡೆ. ಒಂದಕ್ಷರವೂ ಇರಲಿಲ್ಲ. ದೇವತೆ ಇದ್ದ ಕಡೆ ಬರೀ ಒಂದು ಉಬ್ಬು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಅನ್ನುತ್ತಾರೆ. ನನ್ನದು ಅಡುಗೆಮನೆಯ ಸಿಂಕಿನಲ್ಲೇ ಮುಗಿದಿತ್ತು. ಯಾರನ್ನು ಕೇಳಿ ಮುಟ್ಟಿದೆ ಎಂದು ಕಿರುಚಿದೆ. ಬಿಡಿಸಲು ಬಂದ ಹೆಂಡತಿಯ ಮೇಲೂ ಹರಿಹಾಯ್ದೆ. ಕರಾರಿನ ವಿಷಯ ಅಮ್ಮನಿಗೆ ಗೊತ್ತಿಲ್ಲ ಎಂದುಕೊಂಡಿದ್ದೆ, ಹೆಂಡತಿ ಹೇಳಿಬಿಟ್ಟಿದ್ದಳಂತೆ.

"ಲಕ್ಷ್ಮಿ ಹಾಗೆ ಕಿಲುಬು ಹಿಡ್ಕೊಂಡ್ ಕೂತ್ರೆ ಮನೆಗೆ ಒಳ್ಳೇದಾಗುತ್ತೇನೋ?" ಅಂದಳು ಅಮ್ಮ. "ನಿನ್ ಕೆಲಸ ಉಳೀಲಿ ಅಂತ್ಲೇ ಕಣೋ ಉಜ್ಜಿದ್ದು."

ನಾಣ್ಯವನ್ನು ಎಲೆಯ ಮೇಲೆ ವಾಪಸ್ ಇಟ್ಟೆ. ಅಮ್ಮ ಅದಕ್ಕೆ ಕುಂಕುಮ ಹಚ್ಚಿದಳು, ಹೆಂಡತಿ ಆರತಿ ತಂದಳು. ಯಾವ ಊರಿನವಳೆಂದು ಇನ್ನು ಯಾರಿಗೂ ತಿಳಿಯದ ಆ ತಾಯಿಗೆ ಕೈಮುಗಿದು, ನನ್ನನ್ನು ಈ ಊರಿನಲ್ಲಿ ಉಳಿಸು ಎಂದು ಬೇಡಿಕೊಂಡೆ. ಬೇಡಲು ಬೇರೆ ಯಾರೂ ಉಳಿದಿರಲಿಲ್ಲ.