ನನಗೆ ಚೆನ್ನಾಗಿ ಗೊತ್ತಿದ್ದ ಶಾಲೆ

ಕಳೆದ ವರ್ಷ ನನ್ನ ಮಗಳು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದಳು. ಅವಳಿಗೆ ಸಿಕ್ಕ ಕೇಂದ್ರ ನಾನೇ ಓದಿದ ಹೈಸ್ಕೂಲು. ಹಾಲ್ ಟಿಕೆಟ್‌ನಲ್ಲಿ ಆ ಹೆಸರು ಕಂಡ ಖುಷಿಯಲ್ಲಿ ಅದರ ಕೆಳಗಿದ್ದ ವಿಳಾಸವನ್ನು ನಾನು ಓದಲೇ ಇಲ್ಲ.

"ಎಲ್ರೂ ಹಿಂದಿನ ದಿನಾನೇ ಹೋಗಿ ಸೆಂಟರ್ ನೋಡ್ಕೊಂಡು ಬರ್ತಾರೆ ಕಣಮ್ಮ," ಎಂದಳು ಮಗಳು.

"ನಾನು ಓದಿದ ಸ್ಕೂಲಿಗೆ ನನಗೇ ದಾರಿ ಹುಡುಕಿಸ್ತೀಯಾ?" ಎಂದೆ.

ಮೊದಲ ಪರೀಕ್ಷೆಯ ಬೆಳಿಗ್ಗೆ ಕುವೆಂಪುನಗರದಿಂದ ಸ್ಕೂಟರ್‌ನಲ್ಲಿ ಹೊರಟೆವು. ದಾರಿಯುದ್ದಕ್ಕೂ ಶಾಲೆಯ ಚರಿತ್ರೆ ಹೇಳಿದೆ. ಬಾಡಿಗೆ ಮನೆಯೊಂದರಲ್ಲಿ ಶುರುವಾದದ್ದು, ಸುತ್ತಲಿನ ಹಳ್ಳಿಯ ಹುಡುಗಿಯರು ಏಳನೇ ಕ್ಲಾಸಿಗೇ ಓದು ಬಿಡುವುದನ್ನು ನೋಡಲಾರದೆ ಹೆಡ್‌ಮಿಸ್ಸೊಬ್ಬರು ಹಟ ಹಿಡಿದು ಹೈಸ್ಕೂಲು ತರಿಸಿದ್ದು, ಜಾಗ ಸಾಲದೆ ನಾವು ವರಾಂಡದಲ್ಲಿ ಕೂತು ಲೆಕ್ಕ ಮಾಡಿದ್ದು.

"ಅಮ್ಮಾ, ರಸ್ತೆ ನೋಡು," ಎಂದಳು.

ಚಾಮರಾಜಪುರಂನ ನನ್ನ ಹಳೆಯ ಶಾಲೆಯ ಗೇಟಿನೊಳಗೆ ಪುಟ್ಟ ಮಕ್ಕಳು ಪ್ರಾರ್ಥನೆಗೆ ಸಾಲು ನಿಂತಿದ್ದರು. ರಿಜಿಸ್ಟರ್ ನಂಬರಿನ ಬೋರ್ಡಿಲ್ಲ, ಪೊಲೀಸರಿಲ್ಲ. ಮಗಳ ಮುಖ ಬಿಳಿಚಿಕೊಂಡಿತು.

ಕೇಳಿದ್ದಕ್ಕೆ, ತಮ್ಮ ಮಗುವನ್ನು ಒಳಗೆ ಬಿಟ್ಟು ಹೊರಟಿದ್ದ ಒಬ್ಬರು ಬೈಕಿನ ಮೇಲಿಂದಲೇ ಹೇಳಿದರು. "ಐಸ್ಕೂಲಾ? ವಿಜಯನಗರಕ್ಕೆ ಹೋಗಿ ಯಾವ್ ಕಾಲ ಆಯ್ತು ಮೇಡಂ. ಇಲ್ಲೀಗ ಬರೀ ಚಿಕ್ಕ ಮಕ್ಳು."

ಸ್ಕೂಟರಿನ ಕೀ ತಿರುಗಿಸಲು ಹೋಗಿ ಎರಡು ಸಲ ಕೆಳಗೆ ಬೀಳಿಸಿದೆ. ಅವರು ಅದನ್ನು ನೋಡಿದರು. "ಮಗೂನ ನನ್ ಗಾಡಿ ಹತ್ತಿಸ್ಬುಡಿ, ನಾ ಮುಟ್ಟಿಸ್ತೀನಿ. ನೀವು ನಿಧಾನಕ್ಕೆ ಬನ್ನಿ. ಎಲ್ಲಾದ್ರೂ ಬಿದ್ದುಗಿದ್ದೀರ."

ಹೆಸರೂ ಗೊತ್ತಿಲ್ಲದ ಗಂಡಸು. ಹೋಗು ಎಂದೆ ಅಂತಲೇ ನನ್ನ ನೆನಪು.

ಮೊದಲ ಸಿಗ್ನಲ್‌ನಲ್ಲೇ ಬೈಕು ಕಣ್ಮರೆಯಾಯಿತು. ಪರೀಕ್ಷೆ ತಪ್ಪಿದರೆ ಮತ್ತೆ ಬರೆಯಬಹುದಲ್ಲ ಎಂದು ಆಗ ಹೊಳೆಯಿತು. ಬೈಕಿನ ನಂಬರನ್ನೂ ನೋಡಿರಲಿಲ್ಲ. ವಿಜಯನಗರದಲ್ಲಿ ಯಾರನ್ನೋ ದಾರಿ ಕೇಳಿದೆ; ಅವರು ಹೇಳಿದ್ದು ತಲೆಗೆ ಹೋಗದೆ ಇನ್ನೊಬ್ಬರನ್ನು ಕೇಳಿದೆ.

ಹೊಸ ಕಟ್ಟಡದ ಗೇಟು ಮುಚ್ಚಿತ್ತು. ಹೊರಗೆ ಅವರು ಮಗಳ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದರು.

"ಒಳಗೋದ್ಲು, ಬೆಲ್ಲಾಗೋಕ್ ಮುಂಚೇನೇ. ಬ್ಯಾಗ್ ಬಿಡಲ್ಲ ಅಂದ್ರು, ಇಸ್ಕೊಂಡೆ. ನೀವೇ ಪರೀಕ್ಷೆ ಬರಿಯೋರ ತರ ಬೆವ್ತಿದೀರಲ್ಲ ಮೇಡಂ."

ಮಗಳು ಪಾಸಾಗಿ ಈಗ ಪಿಯುಸಿ ಓದುತ್ತಿದ್ದಾಳೆ. ಧೈರ್ಯ ಮಾಡಿ ಅವಳನ್ನು ಕಳಿಸಿಕೊಟ್ಟ ಕತೆಯನ್ನು ನಾನು ಬಂದವರಿಗೆಲ್ಲ ಹೇಳುತ್ತಿದ್ದೆ. ಮೊನ್ನೆ ಅವಳು ನಡುವೆ ಬಾಯಿ ಹಾಕಿದಳು. "ನೀನೆಲ್ಲಿ ಕಳಿಸ್ದೆ? ನನ್ ತೋಳು ಬಿಡ್ಲೇ ಇಲ್ಲ. ನಾನೇ ಕೊಸರ್ಕೊಂಡು ಹತ್ತಿದ್ದು."

ಹಾಗಾದರೆ, ಬ್ಯಾಗು ತೆಗೆದುಕೊಳ್ಳುವಾಗ ಅವರಿಗೆ ಕೈಮುಗಿದು ಥ್ಯಾಂಕ್ಸ್ ಹೇಳಿದೆ ಎಂದುಕೊಂಡಿದ್ದೇನಲ್ಲ, ಅದು? ಅದನ್ನು ಅವಳನ್ನು ಕೇಳುವಂತಿಲ್ಲ. ಆಗ ಅವಳು ಒಳಗೆ ಬರೆಯುತ್ತಿದ್ದಳು.