ವಾಪಸು ಹೋದ ಚೆಂಡುಗಳು

ನಮ್ಮ ಹೈಸ್ಕೂಲಿನ ವಾಲಿಬಾಲ್ ತಂಡ ಯಾವ ಊರಿಗೆ ಆಡಲು ಹೋದರೂ ಬರಿಗೈಯಲ್ಲಿ ಹಿಂದಿರುಗಿದ ಇತಿಹಾಸವೇ ಇಲ್ಲ. ಈ ಮಾತನ್ನು ಎದೆಯುಬ್ಬಿಸಿ ಹೇಳಬಹುದು, ಕೇಳುವವರು ಹೊರಗಿನವರಾಗಿದ್ದರೆ. ಊರಿನವರಾದರೆ ನೆಲ ನೋಡುತ್ತಾರೆ. ಏಕೆಂದರೆ ತಂಡ ತರುತ್ತಿದ್ದದ್ದು ಕಪ್ಪನ್ನಲ್ಲ. ಎದುರು ಶಾಲೆಯ ಚೆಂಡು, ನೆಟ್ಟು, ನೀರಿನ ಡ್ರಮ್ಮು. ಒಮ್ಮೆ ಅಂಪೈರ್ ಕೂರುವ ಎತ್ತರದ ಕುರ್ಚಿಯೂ ಬಂದಿತ್ತು. ಅಂಪೈರ್ ಇಳಿಯುವವರೆಗೆ ಕಾದಿದ್ದರು ಎಂಬುದಷ್ಟೇ ಅವರ ದೊಡ್ಡತನ.

ನಮ್ಮ ಬಸ್ಸು ಕಂಡರೆ ಸುತ್ತಲಿನ ಶಾಲೆಗಳು ಗೋಲ್ ಪೋಸ್ಟನ್ನೂ ಕಿತ್ತು ಒಳಗಿಡುತ್ತಿದ್ದವು. ಕೊನೆಗೆ ಕರೆಯುವುದನ್ನೇ ಬಿಟ್ಟವು.

ಸೀಟಿ ಟೀಚರ್ ಡ್ರಿಲ್ ಟೀಚರಾಗಿ ಬಂದದ್ದು ಆಗ. ಸೈಕಲ್ ರಿಪೇರಿಯವನ ಹೆಂಡತಿ; ಕೊರಳಲ್ಲಿ ಸದಾ ಸೀಟಿ. ನಿದ್ದೆಯಲ್ಲಿ ಅವರ ಗೊರಕೆ ಕೇಳಿದರೂ ಗಂಡ ಎದ್ದು ಸಾಲಿನಲ್ಲಿ ನಿಲ್ಲುತ್ತಾನೆಂದು ಬೀದಿಯವರು ಆಣೆ ಮಾಡಿ ಹೇಳುತ್ತಿದ್ದರು.

ಆಟದ ಸಾಮಾನಿನ ಕೋಣೆ ತೆರೆದರೆ ಒಂದೊಂದು ಚೆಂಡಿನ ಮೇಲೂ ಒಂದೊಂದು ಶಾಲೆಯ ಹೆಸರು. ನಮ್ಮ ಶಾಲೆಯ ಹೆಸರಿದ್ದದ್ದು ಬಾಗಿಲ ಮೇಲೆ ಮಾತ್ರ. ಹತ್ತನೇ ತರಗತಿಯ ಹುಡುಗಿಯರು ಎರಡು ವರ್ಷ ಬೆವರು ಸುರಿಸಿ ಅಭ್ಯಾಸ ಮಾಡಿದ್ದರು. ಒಂದೇ ಒಂದು ಪಂದ್ಯ ಆಡದೆ ಶಾಲೆ ಬಿಡುವುದರಲ್ಲಿದ್ದರು. ಪಕ್ಕದೂರಿನ ದೊಡ್ಡ ಶಾಲೆಯ ಡ್ರಿಲ್ ಮಾಸ್ತರು ಟೀಚರ್ ಗಂಡನ ಸ್ವಂತ ಅಣ್ಣ. ಅವರೂ ನಮ್ಮ ಜೊತೆ ಪಂದ್ಯ ಆಗುವುದಿಲ್ಲ ಎಂದುಬಿಟ್ಟಿದ್ದರು.

"ಚೆಂಡು ವಾಪಸ್ ಕೊಟ್ಟು ಬರ್ತೀವಿ," ಎಂದರು ಟೀಚರ್.

"ಸುಮ್ನೆ ಅವರ ಕಾಂಪೌಂಡ್ ಒಳಗೆ ಎಸೆದು ಓಡಿ ಬನ್ನಿಯಮ್ಮ," ಎಂದರು ಹೆಡ್ಮಾಸ್ತರು.

"ಅದಕ್ಕೂ ಕಳ್ಳರ ಥರಾನೇ ಹೋಗಬೇಕಾ ಸಾರ್?"

ಚೆಂಡುಗಳು ಸೈಕಲ್ ಅಂಗಡಿಗೆ ಬಂದವು. ಗಾಳಿ ಹೋದವಕ್ಕೆ ಗಾಳಿ, ತೂತಾದವಕ್ಕೆ ಪ್ಯಾಚು. ಬೀದಿಯಲ್ಲಿ ಹೋಗುವವರೆಲ್ಲ ನಿಂತು ಹೆಸರು ಓದತೊಡಗಿದರು.

"ಅಣ್ಣನ ಸ್ಕೂಲಿನ ಚೆಂಡು ನನ್ನಂಗಡೀಲಿ ತೂಗಾಡ್ತಿದೆಯಲ್ಲೇ. ನನ್ನ ಮುಖ ಎಲ್ಲಿಟ್ಕೊಳ್ಲಿ?" ಎಂದ ಗಂಡ.

"ಆ ನೀರಿನ ಟಬ್ಬಲ್ಲಿ ಇಟ್ಕೊಳ್ಳಿ. ಗುಳ್ಳೆ ಬಂದ್ರೆ ಅದಕ್ಕೂ ಪ್ಯಾಚ್ ಹಾಕೋಣ."

ಹುಡುಗಿಯರು ಮಾತ್ರ ಒಪ್ಪಲಿಲ್ಲ. "ಕದ್ದಿದ್ದು ನಾವಲ್ಲ ಟೀಚರ್, ನಮ್ಮಕ್ಕಂದಿರು," ಎಂದಳು ಕ್ಯಾಪ್ಟನ್.

"ಅಕ್ಕಂದಿರ ಜರ್ಸೀನೇ ಹಾಕ್ಕೊಂಡಿದೀಯಲ್ಲ ತಾಯಿ. ಅದರ ಜೊತೆ ಇದೂ ಬಂತು."

ಮೊದಲು ಹೋದದ್ದು ಟೀಚರ ಭಾವನ, ಅಂದರೆ ಆ ಡ್ರಿಲ್ ಮಾಸ್ತರ ಶಾಲೆಗೆ. ಚೆಂಡು ಹಿಡಿದ ಹುಡುಗಿಯರು ಅಂಗಳ ದಾಟುವಾಗ ಕಿಟಕಿಗಳ ತುಂಬ ತಲೆಗಳು. ಕ್ಯಾಪ್ಟನ್ ಚೆಂಡು ನೀಡಿ, "ಇದು ನಿಮ್ಮದು, ನಮ್ಮಲ್ಲಿತ್ತು," ಎಂದಳು. ಅಷ್ಟು ಹೇಳುವುದರೊಳಗೆ ಅವಳ ಕಿವಿ ಟೊಮೇಟೊ ಆಗಿತ್ತು. ಭಾವ ಚೆಂಡನ್ನು ಒತ್ತಿ ನೋಡಿದರು. "ನಾವು ಕಳಕೊಂಡಾಗ ಇಷ್ಟು ಗಟ್ಟಿ ಇರ್ಲಿಲ್ಲ," ಎಂದರು. ನಗಲಿಲ್ಲ. ಆದರೂ ಶನಿವಾರ ಒಂದು ಪಂದ್ಯಕ್ಕೆ ಒಪ್ಪಿದರು.

ಶನಿವಾರ ನಮ್ಮವರು ಸೋತರು. ಸೋತದ್ದೂ ಎಂಥ ಸೋಲು, ಚೆಂಡೇ ಕನಿಕರಪಟ್ಟು ಎರಡು ಸಲ ತಾನಾಗಿ ಗೆರೆಯೊಳಗೆ ಬಿತ್ತು. ಅದೇನೂ ದೊಡ್ಡದಲ್ಲ. ಹೊರಡುವಾಗ ಭಾವ ಗೇಟಿಗೆ ಅಡ್ಡ ನಿಂತರು. ಹಿಂದೆ ಇಡೀ ಶಾಲೆ ನೋಡುತ್ತಿತ್ತು.

"ತಪ್ಪು ತಿಳೀಬೇಡಮ್ಮ. ನಮ್ಮ ಹೆಡ್ಮಾಸ್ತರ ಆರ್ಡರು. ಬ್ಯಾಗು ತೆಗೆಸು."

ಹುಡುಗಿಯರು ಕಲ್ಲಾದರು. ಟೀಚರ್ ತಮ್ಮ ಬ್ಯಾಗನ್ನೇ ಮೊದಲು ಮಣ್ಣಿನ ಮೇಲೆ ಸುರುವಿದರು: ಟವೆಲು, ಹಲ್ಲು ಮುರಿದ ಬಾಚಣಿಗೆ, ತಿಂದಿರದ ಬುತ್ತಿ. ಆಮೇಲೆ ಒಬ್ಬೊಬ್ಬಳೇ ಬಗ್ಗಿ ಸುರುವಿದಳು. ಯಾರದೋ ಒಳಲಂಗ ಹೊರಬಿದ್ದಾಗ ಹಿಂದಿನಿಂದ ನಗೆ ಕೇಳಿತು. ಕ್ಯಾಪ್ಟನ್ ಅಳುತ್ತಲೇ ಅದನ್ನು ಮಡಚಿ ಒಳಗಿಟ್ಟಳು.

ಏನೂ ಸಿಗಲಿಲ್ಲ. ಈಗ ನೆಲ ನೋಡುವ ಸರದಿ ಭಾವನದು.

"ಬೇಜಾರಾಗಬೇಡ. ಇನ್ಮೇಲೆ ವರ್ಷಾವರ್ಷ ಆಡೋಣ. ಈಗ್ಲೇ ಮೈಕಲ್ಲಿ ಹೇಳಿಸ್ತೀನಿ, ಈ ಸ್ಕೂಲಿನವರು ಕಳ್ಳರಲ್ಲ ಅಂತ."

ಟೀಚರ್ ಬುತ್ತಿಯ ಮೇಲಿನ ಮಣ್ಣು ಒರೆಸುತ್ತಿದ್ದರು.

"ಅದು ಬೇಡ ಭಾವ. ಸೋತ್ರು ಅಂತ ಹೇಳ್ಸಿ ಸಾಕು. ಆಡಿದವರಿಗೆ ಮಾತ್ರ ಆಗೋ ಅವಮಾನ ಅದೊಂದೇ."