ಕೇಳಿ ತರಿಸಿಕೊಂಡ ಕಾಫಿ

ಸ್ಟೀಲ್ ಫ್ಲಾಸ್ಕಿಗೆ ಒಂದು ಕೆಟ್ಟ ಗುಣವಿದೆ. ಎಷ್ಟು ಉಜ್ಜಿ ತೊಳೆದು ಬಿಸಿಲಿಗಿಟ್ಟರೂ, ಮುಚ್ಚಿಟ್ಟು ನಾಲ್ಕು ತಿಂಗಳು ಬಿಟ್ಟು ತೆಗೆದರೆ ಹಳೆಯ ಕಾಫಿಯ ಹುಳಿ ವಾಸನೆ ಮೂಗಿಗೆ ಹೊಡೆಯುತ್ತದೆ. ಹೋದ ವಾರ ಬೆಳಿಗ್ಗೆ ಅಮ್ಮ ಅಟ್ಟದ ಮೇಲಿಂದ ಅದನ್ನು ಇಳಿಸಲು ಹೇಳಿದಳು. ಹಸಿರು ಮುಚ್ಚಳದ, ಒಂದು ಕಡೆ ತಗ್ಗು ಬಿದ್ದ ಫ್ಲಾಸ್ಕು. ಮುಚ್ಚಳ ತಿರುಗಿಸಿದೆ. ವಾಸನೆ ಬಂದದ್ದೇ ಮುಖ ಆಚೆ ತಿರುಗಿಸಿದೆ.

"ನಿಮ್ಮ ಪಿ.ಟಿ. ಮೇಷ್ಟ್ರು ಹೋಗ್ಬಿಟ್ರಂತೆ ಕಣೋ," ಎಂದಳು ಅಮ್ಮ. "ದೇವಸ್ಥಾನದಲ್ಲಿ ಹೇಳಿದ್ರು. ಆ ಮನೇಲಿ ಇವತ್ತು ಒಲೆ ಹಚ್ಚೋ ಹಾಗಿಲ್ಲ. ಅವ್ರ ಹೆಂಡ್ತಿಗೆ ಶುಗರ್ ಬೇರೆ. ಕಾಫಿ ಹಾಕ್ಕೊಡ್ತೀನಿ, ತಗೊಂಡ್ಹೋಗು. ನನ್ನ ಕಾಫಿ ಅಂದ್ರೆ ಮೇಷ್ಟ್ರಿಗೆ ಎಷ್ಟಿಷ್ಟ ಇತ್ತು, ಪಾಪ."

ನಾನು ಸಿಂಕಿನ ಮುಂದೆ ನಿಂತು ಫ್ಲಾಸ್ಕು ತೊಳೆದೆ. ಬಿಸಿನೀರು ಹಾಕಿ, ಉಪ್ಪು ಹಾಕಿ, ಮತ್ತೆ ತೊಳೆದೆ.

ಮೇಷ್ಟ್ರು ಜಯನಗರದ ನಮ್ಮ ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ವ್ಯಾಯಾಮ ಕಲಿಸಿದವರು. ಸತ್ತವರನ್ನು ಹೊಗಳಬೇಕೆಂದು ಹೊಗಳುವುದಿಲ್ಲ. ಮುದ್ದು ಬರುವ ಮನುಷ್ಯರೇನಲ್ಲ ಅವರು. ಒಂದು ನಿಮಿಷ ತಡವಾದರೆ ಮೈದಾನಕ್ಕೆ ಮೂರು ಸುತ್ತು. ಉಗುರು ಬೆಳೆದಿದ್ದರೆ ಇಡೀ ಸಾಲಿನ ಮುಂದೆ ಮಾನ ತೆಗೆಯುತ್ತಿದ್ದರು. ಕಬಡ್ಡಿ ಆಡಿಸುವಾಗ ಅವರದೊಂದು ಹುಚ್ಚು ಇತ್ತು. ಎದುರಾಳಿಯ ಕೈ ತಗುಲಿದ್ದು ರೆಫರಿಗೆ ಕಾಣದೇ ಹೋಗಬಹುದು, ಆದರೆ ತಗುಲಿಸಿಕೊಂಡವನಿಗೆ ಗೊತ್ತಿರುತ್ತದಲ್ಲ, ಅವನೇ ಕೈಯೆತ್ತಿ ಹೊರಗೆ ಹೋಗಬೇಕು. ಹೋಗದವನನ್ನು ಮುಂದಿನ ಪಂದ್ಯಕ್ಕೆ ಸೇರಿಸುತ್ತಿರಲಿಲ್ಲ. ಇದರಿಂದ ನಾವು ಎಷ್ಟು ಪಂದ್ಯ ಸೋತೆವೋ ಲೆಕ್ಕವಿಲ್ಲ. ಬೇರೆ ಶಾಲೆಯವರು ನಮ್ಮನ್ನು ಹರಿಶ್ಚಂದ್ರನ ಮಕ್ಕಳು ಎಂದು ಆಡಿಕೊಳ್ಳುತ್ತಿದ್ದರು.

ನಿವೃತ್ತಿಯಾದ ಮೇಲೆ ಮೇಷ್ಟ್ರು ಒಂದು ವಿಚಿತ್ರ ಕೆಲಸ ಹಿಡಿದರು. ಆಟಗಾರರು ಮದ್ದು ತೆಗೆದುಕೊಂಡಿದ್ದಾರೆಯೇ ಎಂದು ಪರೀಕ್ಷಿಸಲು ಮೂತ್ರದ ಮಾದರಿ ತರುವ ಕೆಲಸ. ಮುನ್ಸೂಚನೆ ಕೊಡದೆ ಶಿಬಿರಕ್ಕೆ ಹೋಗಬೇಕು, ಹೆಸರು ಕರೆಯಬೇಕು. ಕರೆದ ಆಟಗಾರ ಅಲ್ಲಿಂದ ಮುಂದೆ ಒಂದು ಕ್ಷಣವೂ ಕಣ್ಮರೆಯಾಗಬಾರದು. ಅವನು ಸೀಸೆ ತುಂಬಿಸುವುದನ್ನು ಎದುರೇ ನಿಂತು ನೋಡಬೇಕು. ಆಮೇಲೆ ಅದನ್ನು ಎರಡು ಸೀಸೆಗೆ ಹಂಚಿ, ಮುದ್ರೆ ಹಾಕಿ, ಸಹಿ ಮಾಡಿಸಿ ಕಳಿಸಬೇಕು. ಎದುರಿಗೆ ಒಬ್ಬ ನಿಂತಿದ್ದರೆ ಎಂಥ ಗಟ್ಟಿಗನಿಗೂ ಬರುವುದಿಲ್ಲವಂತೆ. ಗಂಟೆಗಟ್ಟಲೆ ನೀರು ಕುಡಿಯುತ್ತಾ ಕೂರುತ್ತಾರಂತೆ.

"ಸರ್ವಿಸಿನುದ್ದಕ್ಕೂ 'ಸಾರ್, ಒಂದಕ್ಕೆ' ಅಂತ ಬಂದ ಹುಡುಗ್ರನ್ನ 'ಕೂತ್ಕೊಳೋ, ಬೆಲ್ ಆಗ್ಲಿ' ಅಂತ ಗದರಿಸ್ದೆ," ಎಂದಿದ್ದರು ಒಮ್ಮೆ. "ಈಗ ನೋಡು, ಆರಡಿ ಆಳುಗಳನ್ನ 'ಹೋಗಪ್ಪಾ, ದಮ್ಮಯ್ಯ, ಹೋಗು' ಅಂತ ಬೇಡ್ಕೋತಾ ಇದೀನಿ."

ಬೀದಿಯವರು ಅವರಿಗೆ ಉಚ್ಚೆ ಮೇಷ್ಟ್ರು ಎಂದು ಹೆಸರಿಟ್ಟರು. ನಮ್ಮದು ಮಡಿ ಮೈಲಿಗೆ ಬಿಟ್ಟೆವೆಂದು ಹೇಳಿಕೊಂಡು ಬಿಡದವರ ಬೀದಿ. ಕೆಲಸದಿಂದ ಬಂದವರನ್ನು ಅವರ ಹೆಂಡತಿ ಹಿತ್ತಲ ಬಚ್ಚಲಿಗೆ ಕಳಿಸಿ, ಸ್ನಾನವಾದ ಮೇಲೆ ಒಳಗೆ ಬಿಡುತ್ತಿದ್ದರು. ನನಗೂ ಹೇಸಿಗೆಯೇ. ಪಾರ್ಕಿನ ಹತ್ತಿರ ಸಿಕ್ಕರೆ ಕೈ ಕುಲುಕದೆ ನಮಸ್ಕಾರ ಮಾಡಿ ಜಾರಿಕೊಳ್ಳುತ್ತಿದ್ದೆ.

ಈ ಕೆಲಸದಲ್ಲೂ ಅವರದೊಂದು ಹುಚ್ಚು ಇತ್ತು. ಎಲ್ಲಿಗೆ ಹೋದರೂ ಅಲ್ಲಿನ ಒಂದು ತೊಟ್ಟು ನೀರೂ ಮುಟ್ಟುತ್ತಿರಲಿಲ್ಲ. ಒಂದು ಡಬ್ಬಿಯಲ್ಲಿ ಒಗ್ಗರಣೆ ಅವಲಕ್ಕಿ, ಒಂದು ಬಾಟಲಿ ನೀರು, ಎರಡೂ ಮನೆಯದೇ. "ಅವ್ರ ಕೈಯಲ್ಲಿ ಕಾಫಿ ಕುಡಿದ ಮೇಲೆ ಅವ್ರ ಹತ್ರ ಸೀಸೆ ಕೊಡಪ್ಪ ಅನ್ನೋಕೆ ನಾಲಿಗೆ ಏಳಲ್ಲ ಕಣೋ," ಎನ್ನುತ್ತಿದ್ದರು.

ನಾನು ಆಗ ಒಂದು ಕಬಡ್ಡಿ ತಂಡದಲ್ಲಿ ಕೆಲಸಕ್ಕಿದ್ದೆ. ಟಿವಿಯಲ್ಲಿ ಬರುತ್ತದಲ್ಲ, ಬಣ್ಣದ ದೀಪ, ಹೊಗೆ, ತೊಡೆ ತಟ್ಟಿದರೆ ಡೋಲು, ಅಂಥ ದೊಡ್ಡ ಲೀಗಿನ ತಂಡ. ಶಿಬಿರ ತಲಘಟ್ಟಪುರದಾಚೆ, ಬಾಡಿಗೆಗೆ ಹಿಡಿದ ಒಂದು ಹಾಸ್ಟೆಲಿನಲ್ಲಿ. ಊಟ, ಬಸ್ಸು, ರೂಮು ನೋಡಿಕೊಳ್ಳುವುದು ನನ್ನ ಕೆಲಸ. ನಸುಕಿಗೇ ಸ್ಕೂಟರ್ ಹತ್ತಿ ಹೋಗುವವನಿಗೆ ಅಮ್ಮ ಈ ಫ್ಲಾಸ್ಕಿನಲ್ಲಿ ಕಾಫಿ ತುಂಬಿ ಕೊಡುತ್ತಿದ್ದಳು.

ಅಲ್ಲಿನ ಅಡುಗೆಮನೆಯ ಫ್ರಿಜ್ಜಿನಲ್ಲಿ ಮೊಸರಿನ ಪ್ಯಾಕೆಟ್ಟುಗಳ ಹಿಂದೆ ಒಂದು ಡಬ್ಬ ಇರುತ್ತಿತ್ತು. ಅದರೊಳಗೆ ಚೀಟಿ ಕಿತ್ತ ಸಣ್ಣ ಸಣ್ಣ ಸೀಸೆಗಳು. ಸೂಜಿಗಳನ್ನು ಹಳೆ ಪೇಪರಿನಲ್ಲಿ ಸುತ್ತಿ ಕಸದ ಚೀಲಕ್ಕೆ ಹಾಕಿ ಗಂಟು ಕಟ್ಟುತ್ತಿದ್ದವನು ನಾನೇ. ನನಗೆ ಗೊತ್ತಿರಲಿಲ್ಲ ಎಂದರೆ ನಾಲಿಗೆಯಲ್ಲಿ ಹುಳ ಬೀಳುತ್ತದೆ. ಕ್ಯಾಪ್ಟನ್ನಿನ ಕತ್ತು ಎರಡು ತಿಂಗಳಲ್ಲಿ ಹೋರಿಯ ಕತ್ತಾಯಿತು. ಬೆನ್ನ ತುಂಬ ಕೀವು ತುಂಬಿದ ಮೊಡವೆ. ಅವನು ಬಿಚ್ಚಿ ಎಸೆದ ಬನಿಯನ್ನನ್ನು ಕೋಲಿನಲ್ಲಿ ಎತ್ತಿ ಬಕೆಟ್ಟಿಗೆ ಹಾಕುತ್ತಿದ್ದೆ. ಹಾಗಿದ್ದರೂ ಗೆದ್ದ ದಿನ ಎಲ್ಲರಿಗಿಂತ ಜೋರಾಗಿ ಶಿಳ್ಳೆ ಹೊಡೆದವನೂ ನಾನೇ.

ಆ ದಿನ ನಾನು ಹೋಗಿ ಸ್ಕೂಟರ್ ಸ್ಟ್ಯಾಂಡ್ ಹಾಕುವಷ್ಟರಲ್ಲಿ ಮ್ಯಾನೇಜರ್ ಚಡ್ಡಿಯಲ್ಲೇ ಓಡಿ ಬಂದ. ಅವನಿಗೆ ಆಗಷ್ಟೇ ಎಲ್ಲಿಂದಲೋ ಒಂದು ಫೋನ್ ಬಂದಿತ್ತು.

"ಮಗಾ, ಟೆಸ್ಟಿಂಗ್‌ನೋರು ಬರ್ತಾವ್ರಂತೆ, ದಾರೀಲವ್ರೆ. ಮೂರು ಜನ ಮೊನ್ನೆ ತಾನೆ ಚುಚ್ಚಿಸ್ಕೊಂಡವ್ರೆ. ಎಬ್ಬಿಸಿ ಹಿಂದಿನ ಗೇಟಿಂದ ಕಳಿಸ್ಬೇಕು. ಬಂದೋನ್ನ ಒಂದು ಕಾಲು ಗಂಟೆ ಕೆಳಗಡೆ ಹಿಡ್ಕೋ, ಸಾಕು. ಏನಾದ್ರು ಮಾಡು, ಗುರು."

ನಾನು ಮುಂದಿನ ಗೇಟಿಗೆ ಬಂದು ನಿಂತೆ. ಆಟೋ ಬಂತು. ತೊಡೆಯ ಮೇಲಿದ್ದ ಮಾದರಿ ಸೀಸೆಗಳ ಡಬ್ಬ ಎತ್ತಿಕೊಂಡು ಇಳಿದವರು ಮೇಷ್ಟ್ರು.

ಬೇರೆ ಯಾರಾದರೂ ಬಂದಿದ್ದರೆ ನನ್ನಿಂದ ಆ ಕೆಲಸ ಆಗುತ್ತಿರಲಿಲ್ಲ. ಮೇಷ್ಟ್ರಾದ್ದರಿಂದ ಸುಲಭವಾಯಿತು. ಇದನ್ನು ಬರೆಯುವಾಗಲೂ ಮೈ ಮೇಲೆ ಹಲ್ಲಿ ಬಿದ್ದಂತಾಗುತ್ತದೆ.

"ಏನೋ, ನೀನಿಲ್ಲಿದೀಯಾ?" ಎಂದರು. ಕಾಗದ ತೋರಿಸಿದರು. "ಎಲ್ರೂ ಮೇಲಿದಾರಾ? ನಡಿ."

"ಸಾರ್, ಎರಡೇ ನಿಮಿಷ ಕೂತ್ಕೊಳ್ಳಿ, ಕಾಫಿ…"

"ನಾನು ಕುಡಿಯಲ್ಲ ಅಂತ ಗೊತ್ತಲ್ವೇನೋ?"

"ಇಲ್ಲಿದ್ದಲ್ಲ ಸಾರ್. ಅಮ್ಮ ಮಾಡಿದ್ದು. ನೀವು ಬರ್ತೀರ ಅಂತ ನಿಮಗೇಂತಲೇ ಕಳ್ಸಿದಾಳೆ. ಬೇಡ ಅಂದ್ರೆ ಬೇಜಾರ್ ಮಾಡ್ಕೋತಾಳೆ."

ಮೇಷ್ಟ್ರು ನಿಂತರು. ಶಾಲೆಯ ಸ್ಪೋರ್ಟ್ಸ್ ಡೇ ದಿನ ಬಿಸಿಲಲ್ಲಿ ಕಿರುಚಿ ಗಂಟಲು ಕಟ್ಟಿದ ಅವರಿಗೆ ಅಮ್ಮ ವರ್ಷವೂ ಕಾಫಿ ಕಳಿಸುತ್ತಿದ್ದಳು. ಅದನ್ನು ನೆನಪಿಟ್ಟುಕೊಂಡೇ ನಾನು ಬಾಣ ಬಿಟ್ಟಿದ್ದು. ಅವರ ಮುಖ ಸಡಿಲವಾಯಿತು. ಬೆಂಚಿನ ಮೇಲೆ ಕೂತರು. ಡಬ್ಬವನ್ನು ಕಾಲ ಹತ್ತಿರ ಇಟ್ಟುಕೊಂಡರು. ನಾನು ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿದೆ. ನಿಧಾನವಾಗಿ, ತೀರಾ ನಿಧಾನವಾಗಿ ಬಗ್ಗಿಸಿದೆ. ಅವರು ಅಮ್ಮನ ಮಂಡಿ ನೋವು ವಿಚಾರಿಸಿದರು. ಎಳೆದು ಎಳೆದು ಹೇಳಿದೆ. ಹಿಂದುಗಡೆ ಎಲ್ಲೋ ಒಂದು ಕಾರು ಸ್ಟಾರ್ಟ್ ಆದದ್ದು ಕೇಳಿಸಿತು. ಅದು ಅವರಿಗೆ ಕೇಳಿಸದಿರಲೆಂದು ಅಮ್ಮನಿಗೆ ಇಲ್ಲದ ಸೊಂಟ ನೋವನ್ನೂ ಸೇರಿಸಿದೆ.

ಎರಡನೇ ಸಲ ತುಂಬಿಸಿ ಕೊಟ್ಟೆ. ಅರ್ಧ ಕುಡಿದಿದ್ದರು. ಕೈ ಅಲ್ಲೇ ನಿಂತಿತು.

"ನಾನು ಬರೋದು ನಿಮ್ಮಮ್ಮನಿಗೆ ಹೇಗೋ ಗೊತ್ತಾಯ್ತು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ನನ್ನನ್ನು ಯಾರೂ ಕಳ್ಳ ಎನ್ನುವ ಮುಂಚೆಯೇ ನಾನು ಹೆಗಲು ತೋರಿಸಿಬಿಟ್ಟಿದ್ದೆ. ಅವರು ಅಲ್ಲಿಗೆ ಬರುವುದು ಸ್ವಂತ ಹೆಂಡತಿಗೂ ಗೊತ್ತಿರಬಾರದ ವಿಷಯ. ಮೇಷ್ಟ್ರು ಮುಚ್ಚಳವನ್ನು ಬೆಂಚಿನ ಮೇಲಿಟ್ಟು ಎದ್ದರು. ಅರವತ್ತೈದು ದಾಟಿದ ಮನುಷ್ಯ ಎರಡೆರಡು ಮೆಟ್ಟಿಲು ಹತ್ತಿ ಓಡಿದರು.

ಮೇಲೆ ಮೂರು ಮಂಚ ಖಾಲಿ. ಫ್ಯಾನು ಇನ್ನೂ ತಿರುಗುತ್ತಿತ್ತು. ಮೇಷ್ಟ್ರು ಒಂದು ಹಾಸಿಗೆಯ ಮೇಲೆ ಅಂಗೈ ಇಟ್ಟು ನೋಡಿದರು. "ಅವ್ರೆಲ್ಲಾ ಊರಿಗ್ಹೋಗಿ ಎರಡು ದಿನ ಆಯ್ತು ಸಾರ್," ಎಂದ ಮ್ಯಾನೇಜರ್, ಹಲ್ಲು ಕಿರಿದು. ಮೇಷ್ಟ್ರು ಅವನನ್ನು ಬಿಟ್ಟು ನನ್ನನ್ನು ನೋಡಿದರು. ಕಾಗದದಲ್ಲಿ ಹೆಸರಿದ್ದವರ ಪೈಕಿ ಉಳಿದಿದ್ದ ಇಬ್ಬರ ಮಾದರಿ ತೆಗೆದುಕೊಂಡು, ಅಲ್ಲೇ ಮಂಚದ ಮೇಲೆ ಕೂತು ವರದಿ ಬರೆದರು. ನನ್ನ ಫ್ಲಾಸ್ಕನ್ನು ಯಾಕೋ ಜೊತೆಗೆ ತೆಗೆದುಕೊಂಡು ಹೋದರು. ಸಾಕ್ಷಿಗೆಂದು ಇಟ್ಟುಕೊಳ್ಳುತ್ತಾರೆಂದು ಹೆದರಿದೆ.

ಸಂಜೆ ಮನೆಗೆ ಬಂದರೆ ಅಮ್ಮ ಹಿರಿಹಿರಿ ಹಿಗ್ಗುತ್ತಿದ್ದಳು. ಮೇಷ್ಟ್ರು ಬಂದಿದ್ದರಂತೆ. ಫ್ಲಾಸ್ಕು ತೊಳೆದು ತಂದುಕೊಟ್ಟು, "ಕಾಫಿ ಚೆನ್ನಾಗಿತ್ತಮ್ಮ" ಎಂದರಂತೆ. ಅಷ್ಟೇ ಅಂದದ್ದು. "ಅವ್ರೂ ನೀನೂ ಒಂದೇ ಕಡೆ ಕೆಲ್ಸ ಅಂತ ಹೇಳ್ಬಾರ್ದೇನೋ?" ಎಂದು ನನ್ನನ್ನು ಬೈದಳು. ಮಾರನೆಯ ದಿನದಿಂದ ಫ್ಲಾಸ್ಕಿನ ತುಂಬ ಕಾಫಿ, ಮೇಷ್ಟ್ರ ಪಾಲೂ ಸೇರಿಸಿ. ಶಿಬಿರ ಮುಗಿಯುವವರೆಗೆ, ಹೆಚ್ಚು ಕಡಿಮೆ ಎರಡು ತಿಂಗಳು, ನಾನು ಆ ಪಾಲನ್ನು ತಲಘಟ್ಟಪುರದ ಗೇಟಿನ ಪಕ್ಕದ ಮೋರಿಗೆ ಸುರಿದೆ. ಸುರಿದು, ಸಂಜೆ ಬಂದು, "ಕುಡಿದ್ರಮ್ಮ" ಎನ್ನುತ್ತಿದ್ದೆ.

ಮೇಷ್ಟ್ರು ವರದಿಯಲ್ಲಿ ತಾವು ಕೂತು ಕಾಫಿ ಕುಡಿದದ್ದನ್ನೂ ಬರೆದಿದ್ದರು. ಕೈಯೆತ್ತಿ ಹೊರಗೆ ಹೋಗುವ ಹುಚ್ಚು. ಜೊತೆಗೆ, ಸುದ್ದಿ ಮೊದಲೇ ಸೋರಿದೆ, ವಿಚಾರಿಸಿ ಎಂದೂ ಬರೆದಿದ್ದರು. ಅವರ ಕಚೇರಿಯವರು ಸೋರಿದ್ದನ್ನು ಬಿಟ್ಟು ಕಾಫಿಯನ್ನು ಹಿಡಿದುಕೊಂಡರು. ತಂಡದಿಂದ ವಿವರಣೆ ಕೇಳಿದರು. ಮ್ಯಾನೇಜರ್ ಒಂದು ಕಾಗದ ಟೈಪ್ ಮಾಡಿಸಿ ತಂದ. ಅಧಿಕಾರಿಗಳು ಬಂದ ಕೂಡಲೇ ತಾವಾಗಿಯೇ ಕಾಫಿ ಕೇಳಿ ತರಿಸಿಕೊಂಡರು, ಎರಡನೆಯ ಸಲವೂ ಕೇಳಿ ಹಾಕಿಸಿಕೊಂಡರು, ತಡವಾದದ್ದು ಅದರಿಂದಲೇ, ಎಂದಿತ್ತು. ಕೆಳಗೆ ಸಾಕ್ಷಿ ಎಂದು ನನ್ನ ಹೆಸರು.

"ಸೈನ್ ಹಾಕು ಮಗಾ, ಫಾರ್ಮಾಲಿಟಿ ಅಷ್ಟೆ," ಎಂದ.

ಯಾರೂ ನನ್ನ ಕತ್ತಿಗೆ ಕತ್ತಿ ಹಿಡಿದಿರಲಿಲ್ಲ. ಹೊಟ್ಟೆಪಾಡು ಎನ್ನಬಹುದು. ನಮ್ಮ ಮನೆಯಲ್ಲಿ ಅಪ್ಪನ ಪೆನ್ಷನ್ ಬರುತ್ತಿತ್ತು, ಹೊಟ್ಟೆಗೇನೂ ಕಡಿಮೆಯಿರಲಿಲ್ಲ. ಕ್ಯಾಪ್ಟನ್ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವ ಚಪಲ, ಅಷ್ಟೇ. ಸಹಿ ಹಾಕಿದೆ. ಮರುದಿನ ಕ್ಯಾಪ್ಟನ್ ತನ್ನ ಜೆರ್ಸಿಯ ಮೇಲೆ ಹಸ್ತಾಕ್ಷರ ಮಾಡಿ ಕೊಟ್ಟ. ಈಗ ಅದರಲ್ಲಿ ಸ್ಕೂಟರ್ ಒರೆಸುತ್ತೇನೆ.

ಮೇಷ್ಟ್ರನ್ನು ಕೆಲಸದಿಂದ ತೆಗೆದರು. ಬೀದಿಗೆ ಸುದ್ದಿ ಬಂದದ್ದು ಬೇರೆ ರೂಪದಲ್ಲಿ. ಉಚ್ಚೆ ಮೇಷ್ಟ್ರು ತಂಡದವರ ಹತ್ತಿರ ತಿಂಡಿ ಕಾಫಿ ಕಿತ್ತು ತಿನ್ನುತ್ತಿದ್ದರಂತೆ, ಸಿಕ್ಕಿಬಿದ್ದರಂತೆ… ಹೋದಲ್ಲೆಲ್ಲ ಮನೆಯ ಅವಲಕ್ಕಿ ಹೊತ್ತ ಮನುಷ್ಯನ ಬಗ್ಗೆ. ಹೌದಂತೆ ಎಂದು ತಲೆಯಾಡಿಸಿದವರಲ್ಲಿ ಅವರ ಕೈಯಲ್ಲಿ ಕಲಿತವರೂ ಇದ್ದರು. ನಾನು ಸುಮ್ಮನಿದ್ದೆ. ಬೆಳಿಗ್ಗೆ ಪಾರ್ಕಿನಲ್ಲಿ ಅವರ ಜೊತೆ ನಡೆಯುತ್ತಿದ್ದ ಗೆಳೆಯರು ಒಬ್ಬೊಬ್ಬರಾಗಿ ಬೇರೆ ಹೊತ್ತಿಗೆ ಬರತೊಡಗಿದರು. ಕೊನೆಗೆ ಮೇಷ್ಟ್ರೇ ಬರುವುದನ್ನು ಬಿಟ್ಟರು.

ಆಮೇಲೆ ಒಂದೇ ಒಂದು ಸಲ ಎದುರಾದರು, ನಾಲ್ಕನೇ ಬ್ಲಾಕಿನ ಬಸ್ ಸ್ಟ್ಯಾಂಡಿನಲ್ಲಿ, ಕೈಯಲ್ಲಿ ಸೊಪ್ಪಿನ ಚೀಲ. ತಿರುಗಿಕೊಳ್ಳುವಷ್ಟರಲ್ಲಿ ಮೈದಾನದ ಗಂಟಲಿನಲ್ಲಿ ಕೂಗಿದರು.

"ಲೇ! ನಾನು ಕಾಫಿ ಕೇಳಿದ್ನೇನೋ?"

ಜನ ತಿರುಗಿ ನೋಡಿದರು. ಹೂವಿನವಳು ನೋಡಿದಳು. ಇಲ್ಲ ಸಾರ್ ಎನ್ನಲು ಎಷ್ಟು ಹೊತ್ತು ಬೇಕು? "ಬಸ್ ಬಂತು ಸಾರ್," ಎಂದು ಮುಂದೆ ನಿಂತಿದ್ದ ಬಸ್ಸು ಹತ್ತಿದೆ. ಅದು ಅರೆಕೆರೆಗೆ ಹೋಗುವ ಬಸ್ಸು. ನನಗೆ ಅರೆಕೆರೆಯಲ್ಲಿ ಏನೂ ಕೆಲಸವಿರಲಿಲ್ಲ. ಕೊನೆಯ ಸ್ಟಾಪಿನವರೆಗೂ ಕೂತು, ಅದೇ ಬಸ್ಸಿನಲ್ಲಿ ವಾಪಸು ಬಂದೆ. ಅವರು ಹೋಗಿದ್ದರು…

ಹೋದ ವಾರ ಅವರ ಮನೆಗೆ ಫ್ಲಾಸ್ಕು ಹಿಡಿದು ಹೊರಟಾಗ ದಾರಿಯಲ್ಲಿ ಒಂದು ದೊಡ್ಡ ಬೋರ್ಡು ಕಂಡಿತು. ಕ್ಯಾಪ್ಟನ್ ಯಾವುದೋ ಪ್ರೋಟೀನ್ ಪುಡಿಯ ಡಬ್ಬ ಹಿಡಿದು ನಗುತ್ತಿದ್ದ. ಶ್ರಮಕ್ಕೆ ಅಡ್ಡದಾರಿ ಇಲ್ಲ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಥೂ ಎಂದು ಉಗಿದೆ. ಉಗಿದದ್ದು ಹೆಲ್ಮೆಟ್ಟಿನೊಳಗೇ ಉಳಿಯಿತು.

ಮೇಷ್ಟ್ರನ್ನು ನಡುಮನೆಯಲ್ಲಿ ಮಲಗಿಸಿದ್ದರು. ಬಂದವರು ಬಹಳ ಇರಲಿಲ್ಲ. ಪಕ್ಕದ ಮನೆಯ ಹೆಂಗಸು ನನ್ನ ಕೈಯಿಂದ ಫ್ಲಾಸ್ಕು ತೆಗೆದುಕೊಂಡು, ಲೋಟಕ್ಕೆ ಬಗ್ಗಿಸಿ, ಗೋಡೆಗೊರಗಿ ಕೂತಿದ್ದ ಮೇಷ್ಟ್ರ ಹೆಂಡತಿಯ ಕೈಗಿಟ್ಟರು. ಅವರು ಲೋಟ ನೋಡಿದರು, ಫ್ಲಾಸ್ಕು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಯಾರಪ್ಪ ಕೇಳಿದ್ದು ಇದನ್ನ?"

"ಯಾರೂ ಕೇಳ್ಲಿಲ್ಲ ಆಂಟಿ," ಎಂದೆ. "ನಾನೇ ತಂದೆ. ಅವತ್ತೂ… ಅವತ್ತೂ ಸಾರ್ ಕೇಳಿರ್ಲಿಲ್ಲ. ನಾನೇ ಬಲವಂತ ಮಾಡಿ ಕೊಟ್ಟಿದ್ದು."

ಅವರು ಲೋಟವನ್ನು ಕೆಳಗಿಟ್ಟರು.

"ಹಾಗಂತ ಬರ್ಕೊಡ್ತೀಯೇನಪ್ಪ?" ಎಂದರು.

ಫ್ಲಾಸ್ಕನ್ನು ವಾಪಸು ತಂದು ತೊಳೆದೆ, ಅಟ್ಟಕ್ಕೆ ಹಾಕಿಲ್ಲ. ಮೇಜಿನ ಮೇಲೆ ಮುಚ್ಚಳ ತೆಗೆದು ಇಟ್ಟಿದ್ದೇನೆ. ಅಮ್ಮ ಅವತ್ತು ಸಂಜೆಯೇ ಕೇಳಿದಳು, ಮೇಷ್ಟ್ರ ಮನೆಯವರು ಕಾಫಿ ಕುಡಿದರೇನೋ ಎಂದು. ಇಲ್ಲಮ್ಮ ಎಂದೆ. ಯಾಕೆ ಎಂದಳು. ಕೂರಿಸಿ ಎಲ್ಲ ಹೇಳಿದೆ, ಮೋರಿಗೆ ಸುರಿದದ್ದೂ ಸೇರಿಸಿ. ಅಂದಿನಿಂದ ನನ್ನ ಹತ್ತಿರ ಮಾತಾಡಿಲ್ಲ. ಬೆಳಗಿನ ಕಾಫಿ ನಾನೇ ಮಾಡಿಕೊಳ್ಳುತ್ತೇನೆ.

ಬರೆದುಕೊಡಲು ಇಷ್ಟು ದಿನ ಬೇಕಾಯಿತು. ಇದರಲ್ಲೂ ತಂಡದ ಹೆಸರಿಲ್ಲ, ಕ್ಯಾಪ್ಟನ್ನಿನ ಹೆಸರಿಲ್ಲ, ನನ್ನದೂ ಇಲ್ಲ. ನನ್ನ ಧೈರ್ಯ ಇನ್ನೂ ಅಷ್ಟೇ. ಒಂದು ಪ್ರತಿಯನ್ನು ಮಾತ್ರ ಹೆಸರುಗಳನ್ನೆಲ್ಲ ತುಂಬಿ, ಕೆಳಗೆ ಸಹಿ ಹಾಕಿ, ಇವತ್ತು ಆ ಮನೆಗೆ ಕೊಟ್ಟು ಬರುತ್ತೇನೆ. ಮೇಷ್ಟ್ರಿಗೆ ಅದರಿಂದ ಇನ್ನೇನೂ ಆಗುವುದಿಲ್ಲ. ಮೇಷ್ಟ್ರು ಕಾಫಿ ಕೇಳಿರಲಿಲ್ಲ.